ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಬೇಕೇ?

ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಹೋದರೆ ನನಗೆ ಕಾದಿರುವ ಪ್ರಶ್ನೆ ಒಂದೇ. “ಸರ್, ನೀವು ಜೀವರಸಾಯನ ಪಾಠ ಹೇಳುವವರು. ಆಂಟಿಆಕ್ಸಿಡೆಂಟ್ ಮಾತ್ರೆ ದಿನವೂ ತೆಗೆದುಕೊಳ್ಳಬಹುದೇ?”

ಕೊರತೆ ಕಂಡು ವೈದ್ಯರು ಬರೆದುಕೊಟ್ಟಿದ್ದರೆ ಆ ಮಾತು ಬೇರೆ. ಗಟ್ಟಿಮುಟ್ಟಾಗಿ ಕೆರೆ ಸುತ್ತುವವರಿಗೆ ನನ್ನ ಉತ್ತರ: ಬೇಡ.

ಉಸಿರಾಡುವ ಜೀವಕೋಶದಲ್ಲಿ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಆಮ್ಲಜನಕದ ಕಿಡಿಗಳು ಹಾರುತ್ತಲೇ ಇರುತ್ತವೆ. ಇವನ್ನು ಆರಿಸುವ ವಸ್ತುವೇ ಆಂಟಿಆಕ್ಸಿಡೆಂಟ್. ಮಿತಿಮೀರಿದರೆ ಡಿಎನ್‌ಎ ಕೆಡುವುದು ನಿಜ. ಆದರೆ ಕೋಶಕ್ಕೆ ಎಚ್ಚರಿಕೆ ಮುಟ್ಟುವುದೂ ಆ ಕಿಡಿಯಿಂದಲೇ.

ಎನ್‌ಆರ್‌ಎಫ್‌2 ಎಂಬ ಪ್ರೋಟೀನನ್ನು ಕೋಶ ಬಿಡುವಿಲ್ಲದೆ ತಯಾರಿಸುತ್ತದೆ. ಕೀಪ್‌1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು, ಚೂರು ಮಾಡುವ ಯಂತ್ರಕ್ಕೆ ಒಪ್ಪಿಸುತ್ತದೆ. ಸುಮಾರು 20 ನಿಮಿಷಕ್ಕೆ ಇದ್ದದ್ದರಲ್ಲಿ ಅರ್ಧ ಖಾಲಿ. ಮಾಡುವುದೇಕೆ, ಮುರಿಯುವುದೇಕೆ ಎಂದು ವಿದ್ಯಾರ್ಥಿಗಳು ನಗುತ್ತಾರೆ. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನವರು ಗಿರಾಕಿ ಇಲ್ಲದಾಗಲೂ ಕಾವಲಿ ಕಾಯಿಸಿಟ್ಟಿರುವುದೇಕೆ ಎಂದು ನಾನು ತಿರುಗಿ ಕೇಳುತ್ತೇನೆ.

ಕಿಡಿ ಹೆಚ್ಚಾದಾಗ ಅದು ಕೀಪ್‌1ರಲ್ಲಿರುವ ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೊ ಆಮ್ಲಗಳಿಗೆ ತಗಲುತ್ತದೆ. ಹಿಡಿತ ತಪ್ಪುತ್ತದೆ. ಚೂರಾಗದೆ ಉಳಿದ ಎನ್‌ಆರ್‌ಎಫ್‌2 ಕೋಶಕೇಂದ್ರಕ್ಕೆ ಹೋಗಿ, ಮಾಫ್ ಎಂಬ ಪುಟ್ಟ ಪ್ರೋಟೀನಿನ ಜೊತೆಗೂಡಿ ಡಿಎನ್‌ಎ ಮೇಲೆ ಕೂರುತ್ತದೆ. ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಿಯೋನನ್ನು ತಯಾರಿಸುವ, ವಿಷ ಕಳೆಯುವ ಕಿಣ್ವಗಳ ವಂಶವಾಹಿಗಳು ಒಟ್ಟಿಗೇ ಎಚ್ಚರಗೊಳ್ಳುತ್ತವೆ. ಮಾತ್ರೆಯ ಒಂದು ಅಣು ಒಂದೆರಡು ಕಿಡಿ ಆರಿಸಿ ಮುಗಿಯಿತು. ಕಿಣ್ವವಾದರೋ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ.

ಬ್ರೊಕೊಲಿ ಅಗಿದಾಗ ಹುಟ್ಟುವ ಸಲ್ಫೊರಾಫೇನ್ ಕೂಡ ಕಿಡಿ ಆರಿಸುವುದಕ್ಕಿಂತ ಹೆಚ್ಚಾಗಿ ಕೀಪ್‌1ನ್ನೇ ಕೆಣಕುತ್ತದೆ. ಔಷಧಿಯಂಗಡಿಯ ಜಾಹೀರಾತು ಇದನ್ನು ಹೇಳುವುದಿಲ್ಲ, ಬಿಡಿ.

ಮಾತ್ರೆ ನುಂಗಿ ಕಿಡಿ ಆರಿಸಿದರೆ ಎಚ್ಚರಿಕೆಯೂ ಆರಬಹುದು. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ದಿನವೂ ಆಂಟಿಆಕ್ಸಿಡೆಂಟ್‌ಗಳಾದ ಸಿ ಮತ್ತು ಇ ವಿಟಮಿನ್ ನುಂಗಿದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ ಸುಧಾರಿಸಲಿಲ್ಲ, ನುಂಗದವರಲ್ಲಿ ಸುಧಾರಿಸಿತು. ಫಿನ್‌ಲೆಂಡಿನದು ಇನ್ನೂ ಕಠೋರ. 29,133 ಗಂಡಸರು, ಎಲ್ಲರೂ ಧೂಮಪಾನಿಗಳು. 1994ರ ಫಲಿತಾಂಶದಂತೆ ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು.

“ಹಾಗಾದರೆ ಎನ್‌ಆರ್‌ಎಫ್‌2 ಸದಾ ಎಚ್ಚರವಿರುವ ಮಾತ್ರೆ ಮಾಡಿದರೆ?” ಎಂದು ನಿವೃತ್ತ ಎಂಜಿನಿಯರರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಕೆಲವು ಶ್ವಾಸಕೋಶದ ಗೆಡ್ಡೆಗಳಲ್ಲಿ ಕೀಪ್‌1 ಕೆಟ್ಟು, ಎನ್‌ಆರ್‌ಎಫ್‌2 ಹಗಲಿರುಳೂ ಎಚ್ಚರವಿರುತ್ತದೆ. ಆಗ ಅದು ಕಾಯುವುದು ಕ್ಯಾನ್ಸರ್ ಕೋಶವನ್ನು, ಅದೂ ನಾವು ಕೊಡುವ ಔಷಧಿಯ ಹೊಡೆತದಿಂದ.