ಚಾರ್ಜರ್‌ನ ತೂಕ

ಹೋದ ವರ್ಷ ಅಕ್ಕನ ಮಗಳು ಎಂಜಿನಿಯರಿಂಗ್ ಸೇರಿದಾಗ ಲ್ಯಾಪ್‌ಟಾಪ್ ಕೊಡಿಸಿದವನು ನಾನೇ. ಅಂಗಡಿಯಲ್ಲಿ ಅದರ ಮಿದುಳಾದ ಇಂಟೆಲ್ ಪ್ರೊಸೆಸರಿನ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಐ7 ಇದೆಯೇ?" ಇತ್ತು. ಕೀಲಿಮಣೆಯ ಪಕ್ಕದಲ್ಲಿ ನೀಲಿ ಸ್ಟಿಕ್ಕರ್ ಹೊಳೆಯುತ್ತಿತ್ತು. ಸೋದರಮಾವನ ಗತ್ತಿನಲ್ಲಿ ನೋಟು ಎಣಿಸಿ ಕೊಟ್ಟು ಬಂದೆ.

ದಸರಾ ರಜೆಗೆ ಬಂದ ಹುಡುಗಿ, "ಮಾವ, ಆಟ ಶುರುವಾದ ಹತ್ತು ನಿಮಿಷಕ್ಕೆ ಇದು ಬಸವನಹುಳು ಆಗುತ್ತದೆ" ಎಂದಳು. ಓದುವುದಕ್ಕೆ ಕೊಡಿಸಿದ್ದು, ಆಡುವುದಕ್ಕಲ್ಲ ಎಂದು ಬಾಯಿ ಮುಚ್ಚಿಸಿದೆ. ಅದೇ ರಾತ್ರಿ ಕದ್ದು ಅದರಲ್ಲೇ ಒಂದು ಮದುವೆಯ ವಿಡಿಯೊ ಎಡಿಟ್ ಮಾಡಲು ಕುಳಿತೆ. ಧಾರೆ ಎರೆಯುವ ಕೈ ಗಾಳಿಯಲ್ಲೇ ನಿಂತಿತು. ನೀರು ಬೀಳಲಿಲ್ಲ. ಮಂಗಳವಾದ್ಯ ಮಾತ್ರ ನಡೆದೇ ಇತ್ತು. ಸುಮ್ಮನೆ ಮುಚ್ಚಿಟ್ಟೆ, ಯಾರಿಗೂ ಹೇಳಲಿಲ್ಲ.

ನನ್ನದು ಸೋಮವಾರಪೇಟೆಯ ಹತ್ತಿರದ ಹಳ್ಳಿ. ಸ್ವಲ್ಪ ಕಾಫಿ, ಅದರ ಜೊತೆಗೆ ಮದುವೆ, ನಾಮಕರಣಗಳ ವಿಡಿಯೊ ಕೆಲಸ. ಈ ಮೇ ತಿಂಗಳ ಒಂದು ಸಿಡಿಲಿಗೆ ನನ್ನ ಹಳೆಯ ಕಂಪ್ಯೂಟರ್ ಸತ್ತಿತು. ಜುಲೈ ಹೊತ್ತಿಗೆ ಮೂರು ಮದುವೆಗಳ ವಿಡಿಯೊ ಬಾಕಿ ಉಳಿದು, ಹೆಣ್ಣಿನ ಕಡೆಯವರು ಫೋನ್ ಮಾಡಿದರೆ ಎತ್ತಲು ಹೆದರಿಕೆಯಾಗುತ್ತಿತ್ತು. ಕುಶಾಲನಗರಕ್ಕೆ ಹೊರಟೆ. ರಜೆಯಲ್ಲಿದ್ದ ಹುಡುಗಿ ತಾನೂ ಬರುತ್ತೇನೆ ಎಂದಳು. ಷರತ್ತು ಒಂದೇ, ಹೊಸದರಲ್ಲಿ ರಾತ್ರಿ ಹತ್ತರ ಮೇಲೆ ಅವಳ ಆಟ. ತನ್ನ ಹಳೆಯ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅದೇಕೆ ಎಂದರೆ "ಸಾಕ್ಷಿ ಹೇಳಲು" ಎಂದಳು.

ಎರಡು ದಿನದಿಂದ ಕರೆಂಟಿರಲಿಲ್ಲ. ಬಸ್ಸಿನ ಕಿಟಕಿಗಳಿಗೆಲ್ಲ ಟಾರ್ಪಾಲಿನ ಪರದೆ. ಹೊರಗಿನದೇನೂ ಕಾಣದ ಕಾರಣ ಪಾಠ ಕೇಳದೆ ಬೇರೆ ದಾರಿ ಇರಲಿಲ್ಲ.

"ಕೊಂಬು ನೋಡಿ ಹಸು ತರುತ್ತೀರಾ ಮಾವ? ಐ7 ಎನ್ನುವುದು ಕೊಂಬು. ಹೆಸರಿನ ಕೊನೆಯ ಅಕ್ಷರ ನೋಡಬೇಕು."

ಅವಳದು ಐ7-1255ಯು. ಕೊನೆಯ 'ಯು' ಎಂದರೆ ತೆಳ್ಳಗಿನ ಲ್ಯಾಪ್‌ಟಾಪಿಗಾಗಿ ಮಾಡಿದ್ದು, ಮೂಲ ವಿದ್ಯುತ್ ಮಿತಿ 15 ವ್ಯಾಟ್. ಅದೇ 12ನೇ ತಲೆಮಾರಿನ ಐ5-12450ಎಚ್ ಇದೆ. 'ಎಚ್' ಇದ್ದರೆ 45 ವ್ಯಾಟ್. ಎರಡಕ್ಕೂ ಸ್ವಲ್ಪ ಹೊತ್ತು ಅದಕ್ಕಿಂತ ಬಹಳ ಹೆಚ್ಚು ಎಳೆದುಕೊಳ್ಳಲು ಅನುಮತಿಯಿದೆ. ಆದರೆ ಆ ಬಿಸಿಯನ್ನು ಹೊರಹಾಕುವ ಫ್ಯಾನು, ತಾಮ್ರದ ಕೊಳವೆ ತೆಳ್ಳಗಿನ ಮೈಯಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ಓಟ ಶುರುವಾದ ಸ್ವಲ್ಪ ಹೊತ್ತಿಗೇ ವೇಗ ಇಳಿಸಿಕೊಳ್ಳುತ್ತದೆ.

ಇಷ್ಟು ಕೇಳಿದಾಗ ನನಗೆ ನಾಚಿಕೆಯಾಯಿತು. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ನಾವು ಕೆರೆಗೆ ಮೋಟರ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಮೋಟರ್ ಕೊಳ್ಳುವಾಗ ಅದರ ಬಣ್ಣ, ಅದಕ್ಕೆ ಅಂಟಿಸಿದ ಚೀಟಿ ಯಾರೂ ನೋಡುವುದಿಲ್ಲ. ಎಷ್ಟು ಎಚ್.ಪಿ., ಎಷ್ಟು ಎತ್ತರಕ್ಕೆ ಎತ್ತುತ್ತದೆ, ಇಡೀ ರಾತ್ರಿ ಓಡಿದರೆ ಸುಡುತ್ತದೆಯೋ ಇಲ್ಲವೋ, ಇಷ್ಟೇ ಪ್ರಶ್ನೆ. ಲ್ಯಾಪ್‌ಟಾಪಿನ ಮುಂದೆ ನಿಂತಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ.

"ಆದರೆ ಅದರಲ್ಲಿ ಹತ್ತು ಕೋರ್ ಇವೆ ಎಂದಿದ್ದನಲ್ಲ ಅಂಗಡಿಯವನು?" ಎಂದೆ. ಸೋಲೊಪ್ಪಲು ಮನಸ್ಸಿರಲಿಲ್ಲ.

ಇವೆ. ಕೋರ್ ಎಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಒಂದೊಂದು ಘಟಕ. ಐ5ರಲ್ಲಿ ಇರುವುದು ಎಂಟೇ. ಆದರೆ ಆ ಹತ್ತರಲ್ಲಿ ಗಟ್ಟಿ ಕೆಲಸದ ಕೋರ್ ಎರಡು, ಮಿತವ್ಯಯದ ಸಣ್ಣ ಕೋರ್ ಎಂಟು. ಐ5ರ ಎಂಟರಲ್ಲಿ ನಾಲ್ಕು ಗಟ್ಟಿ, ನಾಲ್ಕು ಸಣ್ಣವು. ನನಗೆ ಕಂಡದ್ದು ನಮ್ಮ ಕಣ. ಹಣ್ಣು ಕೊಯ್ಯಲು ಎಷ್ಟು ಕೈ ಇದ್ದರೂ ಒಳ್ಳೆಯದೇ. ಮೂಟೆ ಎತ್ತಿ ಲಾರಿಗೆ ಹಾಕುವಾಗ ಎಂಟು ಜನ ಕೊಯ್ಯುವವರನ್ನು ಕರೆದು ಏನು ಮಾಡುವುದು? ಹೊರುವವರೇ ಬೇಕು. ಆಟಗಳು ಹೆಚ್ಚಾಗಿ ಹೊರುವವರ ಮೇಲೆ ಬೀಳುತ್ತವೆ. ಎಡಿಟ್ ಮುಗಿದ ವಿಡಿಯೊವನ್ನು ಹೊರತೆಗೆಯುವಾಗ ಮಾತ್ರ ಎಲ್ಲ ಕೈಗೂ ಕೆಲಸ.

ಕೂಡಿಗೆ ಬರುವಷ್ಟರಲ್ಲಿ ಮಳೆ ಜಿನುಗಾಗಿತ್ತು. ಪರದೆ ಸರಿಸಿದರೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಕುಶಾಲನಗರದಲ್ಲಿ ಜನ ಕೊಡೆಯಿಲ್ಲದೆ ಓಡಾಡುತ್ತಿದ್ದರು. ಪ್ರತಿ ಮಳೆಗಾಲದಲ್ಲೂ ಇದು ನನಗೆ ಹೊಟ್ಟೆಕಿಚ್ಚಿನ ನೋಟ.

ಅಂಗಡಿಯ ಹುಡುಗ ಮೂರು ತೋರಿಸಿದ. ಮೊದಲನೆಯದು, ಹೇಳಬೇಕಾಗಿಲ್ಲ, ತೆಳ್ಳಗಿನ ಐ7. ಎರಡನೆಯದರಲ್ಲಿ ಎಎಂಡಿ ಕಂಪನಿಯ ರೈಜನ್ 5 ಪ್ರೊಸೆಸರ್, ಬೆಲೆ ಕಡಿಮೆ. "7000 ಸರಣಿ ಸಾರ್, ಹೊಸದು" ಎಂದ. ನಾನು ತಲೆಯಾಡಿಸುವಷ್ಟರಲ್ಲಿ ಹುಡುಗಿ 7520ಯು ಎಂಬ ಹೆಸರಿನ ಮೂರನೆಯ ಅಂಕಿಯ ಮೇಲೆ ಬೆರಳಿಟ್ಟಳು. ಎಎಂಡಿಯ ಈ ಸರಣಿಯಲ್ಲಿ ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುವುದು ಆ ಅಂಕಿಯಂತೆ. 2 ಎಂದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. ಕೋರ್ ನಾಲ್ಕೇ. ಕಚೇರಿ ಕೆಲಸಕ್ಕೆ ಧಾರಾಳ ಸಾಕು, ನಮ್ಮಿಬ್ಬರ ಕೆಲಸಕ್ಕೆ ಅಲ್ಲ. ರೈಜನ್ ಎಂದರೇ ಬೇಡವೆಂದಲ್ಲ. ಅದರಲ್ಲೂ 7735ಎಚ್‌ಎಸ್‌ನಂಥ ಎಂಟು ಕೋರಿನವು ಇವೆ, ಆ ಅಂಗಡಿಯಲ್ಲಿರಲಿಲ್ಲ ಅಷ್ಟೇ.

ಮೂರನೆಯದು ಇಟ್ಟಿಗೆಯಂಥದ್ದು. ಐ5-12450ಎಚ್, ಜೊತೆಗೆ 4 ಜಿಬಿಯ ಆರ್‌ಟಿಎಕ್ಸ್ 3050 ಎಂಬ ಪ್ರತ್ಯೇಕ ಗ್ರಾಫಿಕ್ಸ್ ಚಿಪ್. ಹುಡುಗಿ ಲ್ಯಾಪ್‌ಟಾಪನ್ನು ಮುಟ್ಟಲೇ ಇಲ್ಲ. ಡಬ್ಬಿಯಿಂದ ಚಾರ್ಜರ್ ತೆಗೆದು ನನ್ನ ಬಲಗೈಗಿಟ್ಟಳು, ತನ್ನ ಚೀಲದಲ್ಲಿದ್ದುದನ್ನು ಎಡಗೈಗೆ. ಎಡಗೈಯದು ಸೋಪಿನ ಗಾತ್ರ, 65 ವ್ಯಾಟ್. ಬಲಗೈಯದು 180 ವ್ಯಾಟ್, ಅಡಿಕೆ ಕುಟ್ಟಬಹುದಾದಂಥದ್ದು. ಸ್ಟಿಕ್ಕರ್ ಏನೇ ಹೇಳಲಿ, ಅನ್ನ ಎಷ್ಟು ಬಡಿಸುತ್ತಾರೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಆಮೇಲೆ ಸಾಕ್ಷಿಯ ವಿಚಾರಣೆ. ಪ್ರದರ್ಶನಕ್ಕಿಟ್ಟ ಐ5ರ ಪಕ್ಕದಲ್ಲಿ ತನ್ನ ಐ7 ಇಟ್ಟು, ಎರಡಕ್ಕೂ ಅಂಗಡಿಯ ಕರೆಂಟ್ ಚುಚ್ಚಿ, ಪೆನ್‌ಡ್ರೈವಿನಲ್ಲಿ ತಂದಿದ್ದ, ಪ್ರೊಸೆಸರಿನ ಶಕ್ತಿ ಅಳೆಯುವ ಸಿನೆಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿದಳು. ಅಂಗಡಿಯ ಹುಡುಗ ಮೊದಲು ಗೊಣಗಿದ, ಆಮೇಲೆ ಅವನೂ ಸ್ಟೂಲ್ ಎಳೆದುಕೊಂಡು ಕುಳಿತ. ಐ7 ಶುರುವಿನಲ್ಲಿ 4 ಗಿಗಾಹರ್ಟ್ಸ್ ಹತ್ತಿರ ಜಿಗಿಯಿತು, ಒಂದು ನಿಮಿಷ ಕಳೆಯುವುದರೊಳಗೆ ಅರ್ಧದ ಆಸುಪಾಸಿಗೆ ಇಳಿದು ಅಲ್ಲೇ ಕುಳಿತಿತು. ಐ5ರ ಫ್ಯಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹಾಗೆ ಅರಚಿತು, ಉಷ್ಣತೆ 90 ಡಿಗ್ರಿ ದಾಟಿತು. ಆದರೆ ವೇಗ 3ರ ಕೆಳಗೆ ಇಳಿಯಲಿಲ್ಲ. ನಾನು ಹತ್ತು ನಿಮಿಷವೂ ಕಣ್ಣು ಕೀಳದೆ ನೋಡಿದೆ. ಕೋಳಿ ಅಂಕಕ್ಕೂ ಇಷ್ಟು ಶ್ರದ್ಧೆಯಿಂದ ನಿಂತವನಲ್ಲ.

ಒಂದು ವಿಷಯದಲ್ಲಿ ಮಾತ್ರ ಪಾಠ ಹೇಳುವ ಸರದಿ ನನ್ನದಾಯಿತು. ನನ್ನ ಹೊಸ ಕ್ಯಾಮೆರಾ ಬರೆಯುವುದು 10 ಬಿಟ್, 4:2:2 ಎಚ್‌ಇವಿಸಿ ಎಂಬ ಒತ್ತಿ ಕುಗ್ಗಿಸಿದ ವಿಡಿಯೊ. ಬಣ್ಣ ತಿದ್ದಲು ಒಳ್ಳೆಯದು, ಬಿಡಿಸಲು ಕಷ್ಟದ್ದು. ಅದನ್ನು ಯಂತ್ರಾಂಶದಲ್ಲೇ ಬಿಡಿಸುವ ವ್ಯವಸ್ಥೆ ಇಂಟೆಲ್ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸ್‌ನಲ್ಲಿ 11ನೇ ತಲೆಮಾರಿನಿಂದ ಇದೆ. ಅವಳು ಪೂಜಿಸುವ 3050ರಲ್ಲಿ ಇಲ್ಲ. ಧಾರೆಯ ನೀರು ಸರಿಯಾಗಿ ಬೀಳಬೇಕಾದರೆ ನನಗೆ ಬೇಕಾದದ್ದು ಆ ಮೂಲೆಯಲ್ಲಿ ಕುಳಿತ ಬಡ ಗ್ರಾಫಿಕ್ಸ್. "ಹಾಗಾದರೆ ಆವತ್ತು ನನ್ನದರಲ್ಲಿ ಯಾಕೆ ನಿಂತಿತು?" ಎಂದಳು. ಕದ್ದು ಎಡಿಟ್ ಮಾಡಿದ್ದು ಅವಳಿಗೆ ಗೊತ್ತಿತ್ತು!

ಉತ್ತರವನ್ನೂ ಅವಳೇ ಹುಡುಕಿದಳು. ಅದರಲ್ಲಿದ್ದದ್ದು 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ, 4ಕೆ ವಿಡಿಯೊಗೆ ಉಸಿರು ಕಟ್ಟುವಷ್ಟು ಕಡಿಮೆ. ಜೊತೆಗೆ ಒಂದೇ ಪಟ್ಟಿಯಿದ್ದರೆ ಒಳಗಿನ ಗ್ರಾಫಿಕ್ಸ್‌ಗೆ ನೆನಪಿನ ದಾರಿ ಅರ್ಧ. ಅಂಗಡಿಯವನು ಹಿಂಬದಿ ಬಿಚ್ಚಿ ಇನ್ನೊಂದು 8 ಜಿಬಿ ಸೇರಿಸಿದ. ಮತ್ತೆ ಹಚ್ಚಿದಾಗ, ಅದುವರೆಗೆ ಬರಿಯ 'ಯುಎಚ್‌ಡಿ' ಎಂದು ತೋರಿಸುತ್ತಿದ್ದ ಗ್ರಾಫಿಕ್ಸ್ ತನ್ನ ಹೆಸರನ್ನು 'ಐರಿಸ್ ಎಕ್ಸ್‌ಇ' ಎಂದು ಬದಲಿಸಿಕೊಂಡಿತ್ತು. ಚಿಪ್ ಅದೇ. ಒಂದು ವರ್ಷ ಹುಡುಗಿ ಅರ್ಧ ಯಂತ್ರ ಹೊತ್ತು ತಿರುಗಿದ್ದಾಳೆ. ಹೊಸದಕ್ಕೂ ಹಾಗೆಯೇ ಎರಡನೆಯ ಪಟ್ಟಿ ಹಾಕಿಸಿದೆ. 65 ಸಾವಿರದ ನನ್ನ ಮಿತಿಯನ್ನು ಅದು ದಾಟಿತು. ಬಿಲ್ಲಿಗೆ ಸಹಿ ಹಾಕುವಾಗ ಕೈ ತಡೆಯಲಿಲ್ಲ.

ಮನೆ ಮುಟ್ಟಿದಾಗ ಏಳು ಗಂಟೆ. ಮತ್ತದೇ ಮಳೆ, ಕರೆಂಟಿಲ್ಲ, ಇನ್ವರ್ಟರ್ ಮಧ್ಯಾಹ್ನವೇ ಕೈಚೆಲ್ಲಿತ್ತು. ಒಲೆಯ ಪಕ್ಕದಲ್ಲಿ ಕುಳಿತು ಹೊಸದನ್ನು ತೆರೆದೆ. ಹೆಸರು, ಭಾಷೆ, ಗುಪ್ತಪದ ಎಂದು ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಮೊದಲ ಮದುವೆಯ ಫೈಲುಗಳನ್ನು ತುಂಬಿಸಿ, ಧಾರೆಯ ದೃಶ್ಯಕ್ಕೆ ಬಂದೆ. ನೀರು ಸುರಿಯಿತು, ಎಲ್ಲೂ ತಡವರಿಸದೆ. ಅಕ್ಕನನ್ನು ಕರೆದು ಇನ್ನೊಮ್ಮೆ ತೋರಿಸುವಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. 180 ವ್ಯಾಟಿನ ಇಟ್ಟಿಗೆ ಗೋಡೆಯ ಪ್ಲಗ್ಗಿಗೆ ಸುಮ್ಮನೆ ಜೋತುಬಿದ್ದಿತ್ತು.

ಮೂಲೆಯಲ್ಲಿ ಕಂಬಳಿ ಹೊದ್ದ ಹುಡುಗಿ ತನ್ನ 15 ವ್ಯಾಟಿನ ಐ7ರಲ್ಲಿ ಸಿನಿಮಾ ನೋಡುತ್ತಿದ್ದಳು. ಅಂಗಡಿಯ ಕರೆಂಟಿನಲ್ಲಿ ಚೆನ್ನಾಗಿ ಹೊಟ್ಟೆ ತುಂಬಿಸಿಕೊಂಡು ಬಂದಿತ್ತಲ್ಲ ಅದು.

"ಇನ್ನೂ ನಾಲ್ಕು ಗಂಟೆ ಬರುತ್ತದೆ ಮಾವ," ಎಂದಳು ತಲೆಯೆತ್ತದೆ. "ಈಚೆ ಬನ್ನಿ, ಕಾಣುತ್ತದೆ."