ನೇತ್ರಾಣಿಗೆ ಡೈವಿಂಗ್ ಹೋಗ್ತೀರಾ? ಮಾಸ್ಕ್ ಕಡೆ ಮೊದಲು ಗಮನ ಕೊಡಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟ್‌ನಲ್ಲಿ ಹತ್ತಿರಹತ್ತಿರ ಒಂದೂವರೆ ಗಂಟೆ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಅಕ್ಟೋಬರ್ ನಂತರ ಸಮುದ್ರ ಶಾಂತವಾದ ಮೇಲೆ ಹೊರಡಿ. ಕೆಳಗೆ ಹವಳ, ಗಿಳಿ ಮೀನು, ಚಿಟ್ಟೆ ಮೀನು, ನೋಡಲು ಬೇಕಾದಷ್ಟಿದೆ. ಆದರೆ ಮೊದಲ ಸಲ ಇಳಿಯುವವರಿಗೆ ನೀರಿನೊಳಗೆ ಸಿಗುವ ಸಮಯ ಕಡಿಮೆ. ಅಷ್ಟರಲ್ಲೇ ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಮಬ್ಬಾದರೆ ಎಷ್ಟು ಬೇಜಾರು ಅಲ್ವಾ? ನಮ್ಮ ಬೋಟ್‌ನಲ್ಲಿದ್ದ ಕೆಲವರಿಗೆ ಹಾಗೇ ಆಯಿತು.

ಮಾಸ್ಕ್ ಒಳಗಿನ ಗಾಳಿ ಬೆಚ್ಚಗಿರುತ್ತದೆ, ಅದರಲ್ಲಿ ತೇವವೂ ಇರುತ್ತದೆ. ಹೊರಗಿನ ನೀರು ಗಾಜನ್ನು ತಂಪು ಮಾಡುತ್ತದೆ. ಆಗ ಗಾಜಿನ ಮೇಲೆ ಸಣ್ಣ ಸಣ್ಣ ಹನಿ ಕೂರುತ್ತವೆ. ಸೋಪಿನ ತೆಳು ಪದರ ಇದ್ದರೆ ನೀರು ಹನಿಗಟ್ಟದೆ ಹರಡಿಕೊಳ್ಳುತ್ತದೆ, ನೋಟ ತಿಳಿಯಾಗಿರುತ್ತದೆ.

ಹೊಸ ಮಾಸ್ಕ್ ಕೊಂಡಿದ್ದರೆ ಮನೆಯಲ್ಲೇ ಕೆಲಸ ಮುಗಿಸಿ. ತಯಾರಿಕೆಯಲ್ಲಿ ಉಳಿದ ಸಿಲಿಕಾನ್ ಜಿಡ್ಡು ಗಾಜಿಗೆ ಅಂಟಿರುತ್ತದೆ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟನ್ನು ಒಳಭಾಗಕ್ಕೆ ಬೆರಳಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಒಮ್ಮೆಗೆ ಹೋಗದಿದ್ದರೆ ಮತ್ತೆ ಮಾಡಿ. ಆಂಟಿಫಾಗ್ (ಮಬ್ಬು ತಡೆಯುವ) ಲೇಪನ ಇರುವ ಗಾಜಿಗೆ ಮಾತ್ರ ಬೇಡ, ಲೇಪನ ಕಿತ್ತುಹೋಗುತ್ತದೆ. ಲೈಟರ್‌ನಿಂದ ಸುಡುವವರೂ ಇದ್ದಾರೆ. ಸಿಲಿಕಾನ್ ಅಂಚಿಗೆ ಬೆಂಕಿ ತಗುಲಿದರೆ ಮಾಸ್ಕೇ ಹಾಳು, ಹಾಗಾಗಿ ನಾನು ಅದನ್ನು ಹೇಳುವುದಿಲ್ಲ.

ಬೋಟ್‌ಗೆ ಬೇಬಿ ಶಾಂಪೂವನ್ನು ನೀರಿಗೆ ಬೆರೆಸಿ ಸಣ್ಣ ಬಾಟಲಿಯಲ್ಲಿ ಒಯ್ಯಿರಿ. ಬಾಡಿಗೆ ಮಾಸ್ಕ್‌ಗೂ ಇದೇ ಒಳ್ಳೆಯದು. ಇಳಿಯುವ ಸ್ವಲ್ಪ ಮುಂಚೆ ಒಂದೆರಡು ಹನಿ ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಮಾತ್ರ ಅದ್ದಿ. ಜಾಸ್ತಿ ತೊಳೆದರೆ ಪದರವೇ ಉಳಿಯದು. ಉಗುಳು ಸವರುವುದು ಹಳೆಯ ಪದ್ಧತಿ, ಅದೂ ಕೆಲಸ ಮಾಡುತ್ತದೆ. ಆಮೇಲೆ ಒಳಗೆ ಬೆರಳು ಮುಟ್ಟಿಸಬೇಡಿ, ಸನ್‌ಸ್ಕ್ರೀನ್ ಹಚ್ಚಿದ ಕೈಯಂತೂ ಬೇಡವೇ ಬೇಡ. ಮಾಸ್ಕನ್ನು ಸುಮ್ನೆ ಹಣೆಯ ಮೇಲೆ ಏರಿಸಿಕೊಂಡು ಕೂತರೆ ಮೈಶಾಖಕ್ಕೇ ಮಬ್ಬಾಗುತ್ತದೆ. ಬಿಸಿಲಲ್ಲಿ ಕಾದ ಮುಖಕ್ಕೆ ನೀರು ಎರಚಿಕೊಂಡು, ಆಮೇಲೆ ಹಾಕಿಕೊಳ್ಳಿ.

ನೀರೊಳಗೆ ಉಸಿರೆಲ್ಲ ಬಾಯಿಂದಲೇ. ಕೆಳಗಿಳಿಯುವಾಗ ಮಾಸ್ಕ್ ಮುಖಕ್ಕೆ ಒತ್ತಿದರೆ ಮಾತ್ರ ಮೂಗಿಂದ ಸ್ವಲ್ಪ ಗಾಳಿ ಬಿಡಿ. ಆಗಲೂ ಮಬ್ಬಾದರೆ ಸ್ವಲ್ಪ ನೀರು ಒಳಗೆ ಬಿಟ್ಟು, ತಲೆ ಬಗ್ಗಿಸಿ ಗಾಜು ತೊಳೆಯಿರಿ. ನಂತರ ಮೇಲಂಚು ಒತ್ತಿ ಹಿಡಿದು, ತಲೆ ಎತ್ತಿ, ಮೂಗಿಂದ ಗಾಳಿ ಊದಿದರೆ ನೀರು ಕೆಳಗಿಂದ ಹೊರಹೋಗುತ್ತದೆ. ಇದನ್ನು ಆಳ ಇಲ್ಲದ ಕಡೆ ತರಬೇತುದಾರರ ಜೊತೆ ಅಭ್ಯಾಸ ಮಾಡಿಯೇ ಮುಂದೆ ಹೋಗಿ. ಕನ್ನಡಕ ಹಾಕುವವರು ಬುಕ್ ಮಾಡುವಾಗಲೇ ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಅಂತ ಕೇಳಿಬಿಡಿ.