ಭಾನುವಾರದ ಹರಟೆ ಪುಸ್ತಕ: ಏಳನೇ ತಿಂಗಳು

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಐದಾರು ಜನ ಕೂತು ಮಾತಾಡುತ್ತೇವೆ. ಕತೆ, ಕವಿತೆ, ವಚನ, ಉಪನಿಷತ್ತು, ಯಾವುದು ಬಾಯಿಗೆ ಬರುತ್ತೋ ಅದು. ಆ ಮಾತನ್ನು ಅದೇ ರಾತ್ರಿ ಬರೆದಿಡುವುದು ಈ ವರ್ಷ ನಾನು ಹಿಡಿದಿರುವ ಕೆಲಸ. ಜನವರಿಯಲ್ಲಿ ಶುರು ಮಾಡಿದ್ದು. ಇಲ್ಲಿಯವರೆಗೆ 25 ಭಾನುವಾರ ಕೂತಿದ್ದೇವೆ, ನಾಲ್ಕೈದು ತಪ್ಪಿವೆ. 200 ಪುಟದ ಎರಡು ಉದ್ದ ನೋಟ್‌ಬುಕ್ ತುಂಬಿ ಮೂರನೆಯದು ನಡೆಯುತ್ತಿದೆ. ನಮ್ಮೂರಲ್ಲೂ ಹೀಗೆ ಮಾಡಬೇಕು, ಹೇಗೆ ಅಂತ ಇಬ್ಬರು ಮೂವರು ಕೇಳಿದ್ದರಿಂದ ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಜನ. ಬನಹಟ್ಟಿ ಕಡೆಯ ಕಾಕಾ, ಬ್ಯಾಂಕಿನಿಂದ ನಿವೃತ್ತರು, ಅಪ್ಪ ನೇಕಾರರು. ಕುಂದಾಪುರದ ಅಣ್ಣ ಹೋಟೆಲ್ ನಡೆಸುತ್ತಾರೆ, ಹತ್ತೂವರೆಗೆ ಎದ್ದು ಹೋಗಲೇಬೇಕು. ಮೈಸೂರಿನ ಹುಡುಗಿಗೆ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಇಂಡಿ ತಾಲ್ಲೂಕಿನ ಹುಡುಗ ಕಟ್ಟಡದ ಸೈಟಿನಲ್ಲಿ ಸೂಪರ್‌ವೈಸರ್, ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನು ಅವನೇ. ಏಪ್ರಿಲ್‌ನಿಂದ ಮೇಲಿನ ಮನೆಯ ಮರಾಠಿ ಮಾವಶಿಯೂ (ಚಿಕ್ಕಮ್ಮ ಅಂದ ಹಾಗೆ) ಬರುತ್ತಾರೆ. ಅವರಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ನಾವು ಹೇಳುತ್ತೇವೆ.

ಮೊದಲ ಎರಡು ತಿಂಗಳು ಸರಿಯಾಗಿ ಕೂಡಿಬರಲಿಲ್ಲ. ತಿಂಗಳಿಗೊಂದು ಪುಸ್ತಕ ಅಂತ ಗೊತ್ತು ಮಾಡಿಕೊಂಡಿದ್ದೆವು. ಅರ್ಧ ಜನಕ್ಕೆ ಓದಿ ಮುಗಿಸಲು ಆಗುತ್ತಿರಲಿಲ್ಲ, ಓದಿ ಮುಗಿಸಿದವರು ಮಾತಾಡಿದರೆ ಓದದವರು ಸುಮ್ಮನೆ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಒಂದು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಫೋನು ಟೀಪಾಯಿ ಮೇಲೆ ಇಟ್ಟದ್ದೇ ತಡ, ಎಲ್ಲರ ದನಿ ಬದಲಾಯಿತು. ಕಾಕಾ ಅವರು ‘ಮೊದಲನೆಯದಾಗಿ’ ಅಂತ ಶುರು ಮಾಡಿದರು, ಇಂಡಿಯ ಹುಡುಗ ಬಾಯೇ ತೆರೆಯಲಿಲ್ಲ. ಅವತ್ತಿನದನ್ನು ಅಳಿಸಿಬಿಟ್ಟೆ. ಆಮೇಲೆ ಮತ್ತೆ ರೆಕಾರ್ಡ್ ಮಾಡಿಲ್ಲ.

ದಾರಿ ಸಿಕ್ಕಿದ್ದು ಮಾರ್ಚ್‌ನಲ್ಲಿ, ಒಂದು ಪದದಿಂದ.

ಮೈಸೂರಿನ ಹುಡುಗಿ ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿಯ ಮಾತು ತೆಗೆದಳು. ಇದೆಲ್ಲ ನೀರಿನಲ್ಲಿ ಓತಪ್ರೋತವಾಗಿದೆ ಅಂದರೆ ನೀರು ಯಾವುದರಲ್ಲಿ ಓತಪ್ರೋತ ಅಂತ ಜನಕ ರಾಜನ ಸಭೆಯಲ್ಲಿ ಗಾರ್ಗಿ ಋಷಿ ಯಾಜ್ಞವಲ್ಕ್ಯರನ್ನು ಕೇಳುತ್ತಾಳೆ, ಅವರು ಹೇಳಿದ್ದಕ್ಕೆಲ್ಲ ಅದು ಯಾವುದರಲ್ಲಿ, ಅದು ಯಾವುದರಲ್ಲಿ ಅಂತ ಮುಂದೆ ಮುಂದೆ ಹೋಗುತ್ತಾಳೆ, ಕೊನೆಗೆ ಅವರು ಅತಿಯಾಗಿ ಕೇಳಬೇಡ, ತಲೆ ಬಿದ್ದೀತು ಅನ್ನುತ್ತಾರೆ. ಅಲ್ಲಿ ಕುಂದಾಪುರದ ಅಣ್ಣ ತಡೆದರು. ‘ಓತಪ್ರೋತ ಅಂದ್ರೆ ನಿಲ್ಲಿಸದೆ ಮಾತಾಡೋದಲ್ವಾ?’ ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಓತಪ್ರೋತವಾಗಿ ಮಾತಾಡಿದರು ಅಂತ ದಿನಾ ಹೇಳುತ್ತೇವಲ್ಲ. ನಿಘಂಟು ತೆಗೆದು ನೋಡಿದರೆ ಅದು ನೇಯ್ಗೆಯ ಪದ. ಉದ್ದಕ್ಕೂ ಅಡ್ಡಕ್ಕೂ ಹೆಣೆದದ್ದು.

ಕಾಕಾ ಲೋಟ ಕೆಳಗಿಟ್ಟರು. ‘ಏ ತಂಗಿ, ಇದು ನಮ್ಮ ಹಾಸುಹೊಕ್ಕು!’ ಅಂದರು. ಆಮೇಲೆ ಅರ್ಧ ಗಂಟೆ ಅವರದೇ ಮಾತು. ಹಾಸು ಅಂದರೆ ಮಗ್ಗದ ಮೇಲೆ ಮೊದಲೇ ಬಿಗಿದಿರುವ ಉದ್ದದ ಎಳೆಗಳು, ಹೊಕ್ಕು ಅಂದರೆ ಲಾಳಿಯ ಜೊತೆ ಅಡ್ಡಕ್ಕೆ ಓಡಾಡುವ ಎಳೆ. ಹಾಸು ಸಡಿಲ ಇದ್ದರೆ ಬಟ್ಟೆ ಕೂಡುವುದಿಲ್ಲ. ಹಾಸಿನ ಎಳೆ ಹರಿದರೆ ಅಪ್ಪ ಮಗ್ಗ ನಿಲ್ಲಿಸಿ, ಎರಡೂ ತುದಿ ಹುಡುಕಿ, ಬೆರಳಲ್ಲಿ ಹೊಸೆದು ಗಂಟು ಹಾಕುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಕಾಕಾ ಅವರ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲೇ ಹೊಸೆಯುತ್ತಿದ್ದವು. ಬ್ಯಾಂಕಿನಲ್ಲಿ ಅಷ್ಟು ವರ್ಷ ದುಡಿದ ಕೈ ಅದು, ಆದರೂ ಮರೆತಿರಲಿಲ್ಲ. ಗಾರ್ಗಿ ಕೇಳಿದ್ದು ಮಗ್ಗ ನೋಡಿದವಳ ಪ್ರಶ್ನೆ ಅಂತ ಅವತ್ತು ನನಗೆ ಅನ್ನಿಸಿತು. ಬಟ್ಟೆ ಕಾಣಿಸುತ್ತಿದೆ, ಹಾಸು ಎಲ್ಲಿದೆ ತೋರಿಸು ಅಂತ ಕೇಳುತ್ತಿದ್ದಾಳೆ. ಇನ್ನೊಂದು ವಿಷಯ ಹುಡುಗಿ ಕೊನೆಗೆ ಹೇಳಿದಳು: ತಲೆ ಬಿದ್ದೀತು ಅಂದ ಮೇಲೆ ಗಾರ್ಗಿ ಸುಮ್ಮನಾಗುತ್ತಾಳೆ ನಿಜ, ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ಸಭೆಯಲ್ಲಿ ಮತ್ತೆ ಎದ್ದು ಎರಡು ಪ್ರಶ್ನೆ ಕೇಳುತ್ತಾಳೆ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಎಂಥ ಖುಷಿ ಇತ್ತು!

ಅವತ್ತು ಯಾರೂ ಯಾವ ಪುಸ್ತಕವನ್ನೂ ಓದಿಕೊಂಡು ಬಂದಿರಲಿಲ್ಲ. ಆದರೂ ಎಲ್ಲರೂ ಮಾತಾಡಿದರು. ಅಲ್ಲಿಂದ ನಾವು ಪುಸ್ತಕ ಬಿಟ್ಟು ಪದ ಹಿಡಿದೆವು. ಒಂದು ಭಾನುವಾರಕ್ಕೆ ಒಂದೇ ಪದ, ಸಾಲದಿದ್ದರೆ ಮುಂದಿನ ವಾರಕ್ಕೂ ಅದೇ. ಪುಸ್ತಕ ಎಲ್ಲರೂ ಓದಿರಲಿಕ್ಕಿಲ್ಲ, ಪದ ಮಾತ್ರ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮ ಕೂಟದಲ್ಲಿ ಕೆಲಸ ಮಾಡಿದ್ದು ಇದೊಂದೇ, ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದೂ ಇದೇ.

ಬರೆಯುವ ಕ್ರಮವೂ ಏಪ್ರಿಲ್‌ನಲ್ಲಿ ಬದಲಾಯಿತು. ಗ್ರೀಕ್ ತತ್ವಜ್ಞಾನಿ ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸ್ ಬರವಣಿಗೆಯ ಮೇಲೆ ಒಂದು ದೂರು ಹೇಳುತ್ತಾನೆ. ಬರೆದ ಮಾತು ಚಿತ್ರದ ಹಾಗೆ, ಜೀವ ಇದ್ದಂತೆ ಕಾಣುತ್ತದೆ, ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಕೊಡುವುದಿಲ್ಲ. ಸಾಕ್ರಟೀಸ್ ತಾನಾಗಿ ಏನೂ ಬರೆದಿಡಲಿಲ್ಲ, ಈ ದೂರು ನಮಗೆ ಗೊತ್ತಾಗಿದ್ದೂ ಪ್ಲೇಟೋ ಬರೆದಿದ್ದರಿಂದ. ಹರಟೆ ಬರೆದಿಡಲು ಹೊರಟ ನನಗೆ ಈ ಮಾತು ತುಂಬಾ ದಿನ ಕೊರೆಯಿತು. ಆಮೇಲೆ ಹೀಗೆ ಮಾಡಿದೆ: ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಮಾತ್ರ ಬರೆಯುತ್ತೇನೆ, ಬಲಗಡೆ ಪುಟ ಖಾಲಿ ಬಿಡುತ್ತೇನೆ. ಮುಂದಿನ ಭಾನುವಾರ ಮೊದಲ ಹತ್ತು ನಿಮಿಷ ಎಡಗಡೆಯದನ್ನು ಓದುತ್ತೇನೆ. ‘ನಾನು ಹಂಗ ಅಂದಿಲ್ಲ’ ಅಂತ ಯಾರಾದರೂ ಹೇಳಿದರೆ, ಅಥವಾ ವಾರವಿಡೀ ಯೋಚಿಸಿ ಮನಸ್ಸು ಬದಲಾಯಿಸಿದ್ದರೆ, ಅದು ಬಲಗಡೆಗೆ. ಈಗ ಬಲಗಡೆ ಪುಟಗಳೇ ಜಾಸ್ತಿ ತುಂಬುತ್ತಿವೆ.

ಪ್ಲೇಟೋ ಬಂದಿದ್ದರಿಂದ ಗುರುದೇವ ರಾನಡೆಯವರೂ ಬಂದರು. ಆರ್.ಡಿ. ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು, ಇಲ್ಲೇ ನಮ್ಮ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಗ್ರೀಕ್ ತತ್ವಜ್ಞಾನಿಗಳ ಬಗ್ಗೆ ಬರೆದರು, ಉಪನಿಷತ್ತುಗಳ ಬಗ್ಗೆ ಬರೆದರು, ಮರಾಠಿ, ಕನ್ನಡ ಸಂತರ ಬಗ್ಗೆಯೂ ಬರೆದರು. ‘ನಮ್ಮ ಕಡೆಯವರು’ ಅಂತ ಕಾಕಾ ಅವರಿಗೆ ಹೆಮ್ಮೆ. ಬೇಂದ್ರೆಯವರು ಬಿ.ಎ. ಓದಿದ್ದೂ ಅದೇ ಕಾಲೇಜಿನಲ್ಲಿ. ಮನೆಮಾತು ಮರಾಠಿ, ಕವಿತೆ ಕನ್ನಡ. ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಈಗ ನಾನು ಗೇಟಿನ ಕಡೆ ನೋಡದೆ ಇರುವುದಿಲ್ಲ.

ರಾನಡೆಯವರ ಹೆಸರು ಕೇಳಿದ ಮೇಲೆ ಇಂಡಿಯ ಹುಡುಗ ಮೊದಲ ಸಲ ತಾನಾಗಿ ಮಾತಾಡಿದ. ಅವರ ಆಶ್ರಮ ಇರುವ ನಿಂಬಾಳ ಇಂಡಿ ತಾಲ್ಲೂಕಿನದೇ, ಅವನ ಅಜ್ಜಿ ಅಲ್ಲಿಗೆ ಹೋಗಿ ಬರುತ್ತಿದ್ದರಂತೆ. ಅದಕ್ಕೇ ಮುಂದಿನ ಪದ ಆರಿಸುವ ಸರದಿ ಅವನಿಗೇ ಕೊಟ್ಟೆವು. ಅವನು ಆರಿಸಿದ್ದು ‘ಬಯಲು’.

ಬಯಲು ಅಂದ ಕೂಡಲೇ ನಾವೆಲ್ಲ ಅಲ್ಲಮನ ಕಡೆ ಹೋದೆವು. ಶೂನ್ಯ, ನಿರಾಕಾರ ಅಂತ ದೊಡ್ಡ ದೊಡ್ಡ ಪದ ಬಂದವು. 12ನೇ ಶತಮಾನದ ಮಾತುಗಳನ್ನು 15ನೇ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯಲ್ಲಿ ಸಂಭಾಷಣೆಯಾಗಿ ಹೆಣೆದಿದ್ದರ ಬಗ್ಗೆ ನಾನೂ ಉದ್ದಕ್ಕೆ ಹೇಳಿದೆ. ವಚನಗಳನ್ನೇ ಪ್ರಶ್ನೆ ಉತ್ತರದಂತೆ ಜೋಡಿಸಿ, ಶರಣರು ಎದುರುಬದುರು ಕೂತು ಮಾತಾಡುವ ಹಾಗೆ ಮಾಡಿದ್ದಾರೆ. ನಮ್ಮ ಕೆಲಸಕ್ಕೆ ಅದಕ್ಕಿಂತ ಹಿರಿಯ ಮಾದರಿ ಇಲ್ಲ ಅಂತ ನನಗೆ ಪ್ರೀತಿ. ಹುಡುಗ ಎಲ್ಲ ಕೇಳಿದ. ಆಮೇಲೆ ಹೇಳಿದ:

‘ನಮ್ಮ ಕಡೆ ಬಯಲ ಅಂದ್ರ ಏನೂ ಇಲ್ದ ಜಾಗ ಅಲ್ರಿ ಅಕ್ಕಾರ. ಜಾತ್ರಿ ಕೂಡೂದು ಬಯಲಾಗ, ಆಟ ಆಡೂದು ಬಯಲಾಗ, ದನ ಮೇಯೂದು ಬಯಲಾಗ. ಎಲ್ಲಾ ಆಗೂ ಜಾಗ ಅದು. ಆದ ಮ್ಯಾಲ ಏನೂ ಉಳಿಯಂಗಿಲ್ಲ, ಅಷ್ಟ.’

ಯಾರೂ ಏನೂ ಹೇಳಲಿಲ್ಲ. ಕುಕ್ಕರ್ ಕೂಗಿತು, ಎದ್ದು ಹೋಗಿ ಆರಿಸಿ ಬಂದೆ. ಆಗಲೂ ಎಲ್ಲರೂ ಹಾಗೇ ಕೂತಿದ್ದರು. ವಚನದ ಬಯಲನ್ನು ಇಷ್ಟು ದಿನ ನಾನು ಖಾಲಿ ಅಂತಲೇ ಓದಿಕೊಂಡಿದ್ದೆ. ಬಯಲಾಟ, ಬಯಲುಸೀಮೆ, ಗುಟ್ಟು ಬಯಲಾಯಿತು, ಇವೆಲ್ಲ ನನ್ನ ಬಾಯಲ್ಲೇ ಇದ್ದ ಮಾತುಗಳು, ಒಂದನ್ನೂ ಅಲ್ಲಿಗೆ ತಂದಿರಲಿಲ್ಲ. ಅವತ್ತು ರಾತ್ರಿ ಬರೆಯುವಾಗ ಇನ್ನೊಂದು ತಪ್ಪು ಕಂಡಿತು. ‘ಬಯಲಾಗ’ ಅಂತ ಅವನು ಅಂದಿದ್ದನ್ನು ನನ್ನ ಕೈ ತಾನಾಗಿ ‘ಬಯಲಿನಲ್ಲಿ’ ಅಂತ ಬರೆದಿತ್ತು. ಹೊಡೆದುಹಾಕಿ ಅವನ ಮಾತಿನಂತೆಯೇ ಬರೆದೆ. ಹಿಂದಿನ ಪುಟಗಳನ್ನೆಲ್ಲ ತಿರುಗಿಸಿ ನೋಡಿದರೆ ಎಲ್ಲರೂ ಒಂದೇ ಥರ ಮಾತಾಡಿದ್ದಾರೆ, ನನ್ನ ಥರ. ಅದನ್ನು ಈಗ ಸರಿ ಮಾಡಲು ಆಗುವುದಿಲ್ಲ, ಆ ದನಿಗಳು ಹೋದವು. ನನಗೆ ನಿಜವಾಗಿ ಬೇಜಾರಾಗಿರುವುದು ಇದೊಂದಕ್ಕೇ. ನೀವು ಶುರು ಮಾಡಿದರೆ ಮೊದಲ ದಿನದಿಂದಲೇ ಅವರವರ ಮಾತನ್ನು ಅವರವರಂತೆಯೇ ಬರೆಯಿರಿ.

ಪಾಲಖಿ, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿ, ಬಂದ ವಾರದ್ದು ಹೇಳಬೇಕು. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬಂದು ತಂಗುತ್ತವೆ. ಒಂದು ಭವಾನಿ ಪೇಠೆಯಲ್ಲಿ, ಇನ್ನೊಂದು ನಾನಾ ಪೇಠೆಯಲ್ಲಿ, ಅಲ್ಲಿಂದ ಪಂಢರಪುರಕ್ಕೆ. ಆ ಭಾನುವಾರದ ಪದ ಮಾವಶಿಯದು: ‘ಕಾನಡಾ’. ಜ್ಞಾನೇಶ್ವರರ ಅಭಂಗದಲ್ಲಿ (ಮರಾಠಿ ಭಕ್ತಿಗೀತೆ) ವಿಠ್ಠಲನನ್ನು ‘ಕಾನಡಾ’ ಅಂತಲೂ ‘ಕರ್ನಾಟಕು’ ಅಂತಲೂ, ಅಂದರೆ ಕನ್ನಡದವನು, ಕರ್ನಾಟಕದವನು ಅಂತ, ಕರೆದಿದ್ದಾರಲ್ಲ, ನಮಗೆಲ್ಲ ಅದು ನಮ್ಮ ಮನೆಯ ದೇವರನ್ನು ಹೆಸರು ಹಿಡಿದು ಕೂಗಿದ ಹಾಗೆ. ಮಾವಶಿ ನಕ್ಕು, ಅದು ಒಂದು ಅರ್ಥ ಅಂದರು. ಹಳೇ ಮರಾಠಿಯಲ್ಲಿ ಕಾನಡಾ ಅಂದರೆ ಅರ್ಥವಾಗದವನು, ಸುಲಭಕ್ಕೆ ಕೈಗೆ ಸಿಗದವನು ಅಂತಲೂ ಆಗುತ್ತದಂತೆ. ಕರ್ನಾಟಕು ಅಂದರೆ ಆಟ ಹೂಡುವವನು, ಲೀಲೆ ಮಾಡುವವನು ಅಂತಲೂ ಹೇಳುವವರಿದ್ದಾರೆ.

ಕಾಕಾ ಅವರಿಗೆ ಮೊದಲು ಸ್ವಲ್ಪ ಕಸಿವಿಸಿ ಆಯಿತು. ನಮ್ಮ ಭಾಷೆ ಅಂದರೆ ಅರ್ಥವಾಗದ್ದು ಅಂತಲಾ ಅಂತ. ಮಾವಶಿ ಅದೇ ಅಭಂಗದಲ್ಲಿ ಮುಂದೆ ಬರುವ ಒಂದು ಸಾಲು ಹೇಳಿದರು, ಹಾಡಲಿಲ್ಲ, ಸುಮ್ನೆ ಹೇಳಿದರು. ಶಬ್ದವಿಲ್ಲದ ಸಂವಾದ, ಎರಡನೆಯವರಿಲ್ಲದ ಅನುವಾದ, ಅದು ತಿಳಿಯುವುದು ಹೇಗೆ ಅಂತ ಅಲ್ಲಿ ಬರುತ್ತದೆ. ಆ ಸಾಲು ಕೇಳಿದ ಮೇಲೆ ಎರಡು ಅರ್ಥ ಜಗಳ ಆಡುವುದಿಲ್ಲ. ಭಾಷೆ ಬಾರದ ಊರಿನವನ ಎದುರು ನಿಂತಾಗ ಹೇಗಿರುತ್ತದೋ ದೇವರ ಎದುರೂ ಹಾಗೇ, ಅರ್ಥವಾಗಲಿಲ್ಲ, ಆದರೂ ಸೆಳೆತ ಬಿಡಲಿಲ್ಲ. ಇಂಡಿಯ ಹುಡುಗ ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಬಾರದೆ ಕೈಸನ್ನೆಯಲ್ಲೇ ಒಂದು ತಿಂಗಳು ಕೆಲಸ ಮಾಡಿಸಿದ್ದನ್ನು ಹೇಳಿದ. ಅವನು ಹೇಳುವಷ್ಟೂ ಹೊತ್ತು ಮಾವಶಿ ಅವನ ಮುಖವನ್ನೇ ನೋಡುತ್ತಿದ್ದರು, ಯಾರಾದರೂ ಮರಾಠಿಯಲ್ಲಿ ಹೇಳಲಿ ಅಂತ ಕಾಯಲಿಲ್ಲ.

ಆ ಪುಟದಲ್ಲಿ ಬರೆದಿರುವುದು ಕಡಿಮೆ. ಎಡಗಡೆ ಎಂಟು ಸಾಲು. ಆದರೆ ಬಲಗಡೆ ಪುಟ ಸಾಲದೆ ಚೀಟಿ ಅಂಟಿಸಿದ್ದೇನೆ, ಯಾಕೆಂದರೆ ಮುಂದಿನ ವಾರ ಕಾಕಾ ತಾವೇ ಒಂದೂವರೆ ಪುಟ ಬರೆದುಕೊಂಡು ಬಂದರು. ‘ನನ್ನ ಮೊದಲಿನ ಮಾತು ಹೊಡದ ಹಾಕವ್ವ’ ಅಂದರು. ಹೊಡೆದುಹಾಕಲಿಲ್ಲ. ಎರಡೂ ಇರಲಿ ಅಂದೆ, ಒಪ್ಪಿದರು.

ಈ ತಿಂಗಳ ಉಳಿದ ಕೆಲಸ: ಮೊದಲ ನೋಟ್‌ಬುಕ್ಕಿನ ಹೊಲಿಗೆ ಬಿಚ್ಚಿದೆ, ಬೈಂಡಿಂಗಿಗೆ ಕೊಡಬೇಕು. ಪದಗಳ ಪಟ್ಟಿ ಕೊನೆಯ ಪುಟದಲ್ಲಿ ಬರೆಯಲು ಶುರು ಮಾಡಿದ್ದೇನೆ, ಇಲ್ಲಿಯವರೆಗೆ ಹನ್ನೊಂದು ಆಗಿವೆ.

ಮುಂದಿನ ಭಾನುವಾರದ ಪದ ‘ಋಣ’. ಆರಿಸಿದ್ದು ಕುಂದಾಪುರದ ಅಣ್ಣ. ಇಷ್ಟು ವರ್ಷ ಊಟ ಬಡಿಸಿದವರಿಗೆ ಅನ್ನದ ಋಣದ ಬಗ್ಗೆ ಹೇಳುವುದು ಬಹಳ ಇದೆಯಂತೆ. ಮಾವಶಿ, ಇದು ನಮ್ಮ ಮರಾಠಿಯಲ್ಲೂ ಹೀಗೇ ಇದೆ ಅಂದರು. ಹೋಟೆಲಿಗೆ ಹುಡುಗನೊಬ್ಬನನ್ನು ನಿಲ್ಲಿಸಿ ಬರುತ್ತೇನೆ, ಹನ್ನೊಂದೂವರೆವರೆಗೂ ಕೂರುತ್ತೇನೆ ಅಂತ ಅಣ್ಣ ಹೇಳಿದ್ದಾರೆ.